ಬಾರದ ವಿಮಾನದ ಸದ್ದು

ನಮ್ಮ ಬೀದಿಯಲ್ಲಿ ವಿಮಾನದ ಸದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವ ಕೆಲಸ ಶುರುವಾದದ್ದು ಒಬ್ಬರ ಬಲಗೈಯಿಂದ.

ಅವರು ಎದುರು ಮನೆಯ ಹೆಡ್‌ಮೇಡಂ ಅವರ ಯಜಮಾನರು. ಹೆಡ್‌ಮೇಡಂ ಎಂದರೆ ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಬೀದಿಗೆಲ್ಲ ಅವರದು ಅದೇ ಹೆಸರು. ಯಜಮಾನರಿಗೆ ಲಕ್ವ ಹೊಡೆದು ಎಡಭಾಗವೂ ಮಾತೂ ಹೋಗಿದ್ದವು. ಹಾಲ್‌ನಲ್ಲಿ, ಕಿಟಕಿಯ ಪಕ್ಕದ ಮಂಚದ ಮೇಲೆ ಮಲಗಿರುತ್ತಿದ್ದರು. ವಿಮಾನ ಮನೆಯ ಮೇಲೆ ಬಂದಾಗಲೆಲ್ಲ ಅವರ ಬಲಗೈ ಹೊದಿಕೆಯ ಮೇಲಿಂದ ನಿಧಾನಕ್ಕೆ ಏಳುತ್ತಿತ್ತು, ಯಾರೋ ಮಣಿಕಟ್ಟು ಹಿಡಿದು ಎತ್ತಿದ ಹಾಗೆ. ಸದ್ದು ಪೂರ್ತಿ ಹೋಗುವ ತನಕ ಹಾಗೇ ನಿಂತಿದ್ದು ಆಮೇಲೆ ಇಳಿಯುತ್ತಿತ್ತು. ಮುಖ ಮಾತ್ರ ಚೂರೂ ಬದಲಾಗುತ್ತಿರಲಿಲ್ಲ. ಡಾಕ್ಟರು, ಬೆಚ್ಚಿಬೀಳೋದು ಅಷ್ಟೆ, ಎಂದಿದ್ದರಂತೆ.

“ಬೆಚ್ಚಿದ ಕೈ ಹೀಗಿರಲ್ಲ ಮಾರಾಯ್ತಿ,” ಎಂದು ಹೆಡ್‌ಮೇಡಂ ಒಂದು ಬೆಳಿಗ್ಗೆ ನಮ್ಮ ಗೇಟಿನ ಹತ್ತಿರ ನಿಂತು ಹೇಳಿದರು. “ಮೂವತ್ತು ವರ್ಷ ಮಕ್ಕಳನ್ನ ನೋಡಿದೀನಿ. ಇದು ಹಾಜರಿ ಹೇಳೋ ಕೈ. ಯಾರೋ ಹೆಸರು ಕೂಗ್ತಿದಾರೆ, ಇವರು ಇದೀನಿ ಅಂತಿದಾರೆ. ನನಗೆ ನೋಡೋಕಾಗಲ್ಲ. ಆ ಸದ್ದು ಏನಾದ್ರೂ ಕಮ್ಮಿ ಮಾಡಿಸಬೇಕು.”

ನನ್ನ ಹತ್ತಿರ ಬಂದದ್ದಕ್ಕೆ ಕಾರಣವಿತ್ತು. ನಾನು ಭದ್ರಾವತಿಯ ಒಂದು ಸಣ್ಣ ಕಿವಿ ಪರೀಕ್ಷೆ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ದಪ್ಪ ಬಾಗಿಲಿನ, ಒಳಗೆಲ್ಲ ಸ್ಪಂಜು ಅಂಟಿಸಿದ ಒಂದು ಬೂತ್ ನಮ್ಮಲ್ಲಿದೆ. ಜನರನ್ನು ಅದರೊಳಗೆ ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟು, ‘ಎಷ್ಟು ಸಣ್ಣ ಸದ್ದು ಕೇಳಿದ್ರೂ ಒತ್ತಿ’ ಎಂದು ಹೇಳುವುದು ನನ್ನ ದಿನದ ಕೆಲಸ. ಶಬ್ದ ಅಳೆಯುವ ಮೀಟರೊಂದು ನಮ್ಮ ಕೇಂದ್ರದಲ್ಲಿರುವುದು ಹೆಡ್‌ಮೇಡಂಗೆ ಗೊತ್ತಿತ್ತು.

ನಮ್ಮ ಬಡಾವಣೆ ಇರುವುದು ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ, ಹೆದ್ದಾರಿಯಿಂದ ಸ್ವಲ್ಪ ಒಳಗೆ. ಮನೆ ಕಟ್ಟುವಾಗ ವಿಮಾನ ನಿಲ್ದಾಣದ ಜಾಗ ಬರೀ ಕೆಮ್ಮಣ್ಣಿನ ಬಯಲಾಗಿತ್ತು. ಮೊದಲ ವಿಮಾನ ಬಂದ ದಿನ ಬೀದಿಯವರೆಲ್ಲ ತಾರಸಿ ಹತ್ತಿ ಕೈಬೀಸಿದ್ದೆವು. ನನ್ನ ಅತ್ತೆ ಕೈಮುಗಿದಿದ್ದರು. ನಮ್ಮೂರಿಗೂ ವಿಮಾನ ಬಂತಲ್ಲ ಎಂಬ ಹೆಮ್ಮೆ ಸುಳ್ಳಾಗಿರಲಿಲ್ಲ, ಈಗಲೂ ಸುಳ್ಳಲ್ಲ. ದಿನಕ್ಕೆ ಬರುವುದು ಕೆಲವೇ ವಿಮಾನ, ಅದೂ ಹಗಲು ಹೊತ್ತು. ದೊಡ್ಡ ಊರಿನವರು ಕೇಳಿದರೆ ನಕ್ಕಾರು. ಆದರೆ ಆ ಮೊದಲು ನಮ್ಮ ಬೀದಿಯ ಅತಿ ದೊಡ್ಡ ಸದ್ದು ಎಂದರೆ ಹಿಟ್ಟಿನ ಗಿರಣಿಯದು. ಅಂಥ ಕಡೆ ವಿಮಾನ ಏರುವಾಗ ಅಡುಗೆಮನೆಯ ಸ್ಟ್ಯಾಂಡಿನ ತಟ್ಟೆಗಳು ಝುಂಯ್ ಎನ್ನುತ್ತಿದ್ದವು. ಮಾತಾಡುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿ, ಸದ್ದು ಹೋದಮೇಲೆ ಬಿಟ್ಟಲ್ಲಿಂದ ಶುರುಮಾಡುತ್ತಿದ್ದರು. ಕೆಲವು ತಿಂಗಳಲ್ಲಿ ಅದು ಎಷ್ಟು ರೂಢಿಯಾಯಿತೆಂದರೆ, ನಿಲ್ಲಿಸುತ್ತಿದ್ದೇವೆ ಎನ್ನುವುದೇ ನಮಗೆ ಮರೆತುಹೋಯಿತು.

ಹೆಡ್‌ಮೇಡಂ ಮನೆಯಲ್ಲಿ ಸಭೆ ಸೇರಿದೆವು. ಮೂರು ತಿಂಗಳು ನಾಲ್ಕು ಮನೆಯವರು ಪ್ರತಿ ವಿಮಾನದ ಸಮಯ, ಸದ್ದು ಸಣ್ಣದೋ ಜೋರೋ ಎಂಬುದನ್ನು ಬರೆಯಬೇಕು. ಮೀಟರು ಹೆಡ್‌ಮೇಡಂ ತಾರಸಿಯ ಮೇಲೆ ಇರಬೇಕು. ಎಲ್ಲ ಸೇರಿಸಿ ನಿಲ್ದಾಣದ ಅಧಿಕಾರಿಗಳಿಗೆ ಕೊಡಬೇಕು ಎಂದಾಯಿತು. ಹೆಡ್‌ಮೇಡಂ ಒಂದು ಮನೆ. ಗಿರಣಿಯವರು ಒಂದು. ನಮ್ಮದೊಂದು, ನಾನಿಲ್ಲದ ದಿನ ಅತ್ತೆ ಬರೆಯುವುದು. ನಾಲ್ಕನೆಯ ನೋಟ್‌ಬುಕ್ಕಿಗೆ ಕೈಚಾಚಿದವರು ಬೀದಿಯ ಕೊನೆಯ ಮನೆಯ ಮೇಸ್ತ್ರಿ.

ಗಿರಣಿಯವರಿಗೆ ನಗು ತಡೆಯಲಾಗಲಿಲ್ಲ. ಮೇಸ್ತ್ರಿಗೆ ಕಿವಿ ಕೇಳುತ್ತಿರಲಿಲ್ಲ. ಭದ್ರಾವತಿಯಲ್ಲಿ ಹತ್ತಾರು ಜನರಿದ್ದ, ಕಾದ ಕಬ್ಬಿಣ ಬಡಿದು ರೂಪ ಕೊಡುವ, ಈಗ ಮುಚ್ಚಿಹೋದ ಒಂದು ಫೋರ್ಜಿಂಗ್ ಶೆಡ್ಡಿನಲ್ಲಿ ಜೀವಮಾನವಿಡೀ ಸುತ್ತಿಗೆ ಯಂತ್ರದ ಪಕ್ಕ ನಿಂತವರು ಅವರು. ಕಿವಿಗೆ ಹತ್ತಿ ಇಟ್ಟುಕೊಂಡರೆ ಕಬ್ಬಿಣದ ಮಾತು ಗೊತ್ತಾಗಲ್ಲ ಎಂದು ಇಡುತ್ತಿರಲಿಲ್ಲವಂತೆ. ಮನೆಮಾತು ತಮಿಳು. ಕನ್ನಡವನ್ನು ಏರಿಳಿತವಿಲ್ಲದೆ, ಗೋಡೆಗೆ ಹೇಳಿದಂತೆ ಹೇಳುತ್ತಿದ್ದರು. ನಾನೇ ಒಮ್ಮೆ ಪರೀಕ್ಷೆ ಮಾಡಿ ಕಿವಿ ಮಿಷನ್ನು ಹಾಕಿಕೊಳ್ಳಿ ಎಂದಿದ್ದೆ. “ಕೇಳಿದ್ದು ಸಾಕಮ್ಮಾ,” ಎಂದು ಎದ್ದುಹೋಗಿದ್ದರು.

ಗಿರಣಿಯವರು ನಕ್ಕದ್ದು ಮೇಸ್ತ್ರಿಗೆ ಕಂಡಿತು. ಎದ್ದು, ಅವರ ಕೈಹಿಡಿದು ಕಿಟಕಿಯ ಹತ್ತಿರ ಕರೆದುಕೊಂಡು ಹೋದರು. ಸಂಜೆಯ ವಿಮಾನದ ಹೊತ್ತಾಗಿತ್ತು. ಮೇಸ್ತ್ರಿ ಕಿಟಕಿಯ ಸರಳಿನ ಮೇಲೆ ಅಂಗೈ ಇಟ್ಟು ಕಣ್ಣುಮುಚ್ಚಿದರು. ಸ್ವಲ್ಪ ಹೊತ್ತಿಗೆ ಇನ್ನೊಂದು ಕೈಯ ಬೆರಳೆತ್ತಿದರು. ನಮಗೆ ಯಾರಿಗೂ ಏನೂ ಕೇಳಿಸಲಿಲ್ಲ. ಹತ್ತು ಎಣಿಸುವಷ್ಟು ಹೊತ್ತಾದ ಮೇಲೆ ದೂರದಲ್ಲಿ ಸದ್ದು ಶುರುವಾಯಿತು. ನಾಲ್ಕನೆಯ ನೋಟ್‌ಬುಕ್ ಅವರಿಗೇ ಹೋಯಿತು.

ಬರೆಯುವುದರ ಜೊತೆಗೆ ಮೇಸ್ತ್ರಿ ಇನ್ನೊಂದು ಕೆಲಸ ತಾವಾಗಿಯೇ ಹಚ್ಚಿಕೊಂಡರು. ಬೆಳಿಗ್ಗೆ ವಿಮಾನದ ಹೊತ್ತಿಗೆ ಸರಿಯಾಗಿ ಒಂದೊಂದು ದಿನ ಒಂದೊಂದು ಮನೆಗೆ ಬರುತ್ತಿದ್ದರು. ಬಗಲಲ್ಲಿ ಹಳೆಯ ಸೈಕಲ್ ಟ್ಯೂಬು, ಒಂದು ಕತ್ತರಿ. ವಿಮಾನ ಮೇಲೆ ಹೋಗುವಾಗ ಅವರ ಅಂಗೈ ಮನೆಯ ಮೇಲೆಲ್ಲ ಓಡಾಡುತ್ತಿತ್ತು: ಬಾಗಿಲ ಚೌಕಟ್ಟು, ಕಿಟಕಿಯ ಗಾಜು, ಬೀರು, ಅಕ್ಕಿಡಬ್ಬದ ಮುಚ್ಚಳ. ನಡುಗುವುದನ್ನು ಹುಡುಕಿ, ಟ್ಯೂಬಿನ ಪಟ್ಟಿ ಕತ್ತರಿಸಿ ಸಂದಿಗೆ ತುರುಕುತ್ತಿದ್ದರು. “ಆಕಾಶದ್ದು ನಮ್ಮ ಕೈಲಿಲ್ಲ. ಮನೆಯದ್ದು ನಿಲ್ಲಿಸಬಹುದು,” ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಹದಿನಾಲ್ಕು ಕಡೆ ರಬ್ಬರು ಕೂತಿತು. ನನ್ನ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಇಂಥದ್ದನ್ನೆಲ್ಲ ಸುಲಭಕ್ಕೆ ನಂಬುವವರಲ್ಲ. ಅವರೇ ಊಟಕ್ಕೆ ಕೂತಾಗ, “ಅರ್ಧ ಸದ್ದು ನಮ್ಮ ಪಾತ್ರೆಗಳದ್ದೇ ಆಗಿತ್ತು ನೋಡು,” ಎಂದರು. ಗಿಡ ನೆಟ್ಟರೆ ಸದ್ದು ತಡೆಯುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಬೀದಿಯುದ್ದಕ್ಕೂ ಹೊಂಗೆ ನೆಟ್ಟೆವು. ಸದ್ದು ಬರುವುದು ಮೇಲಿನಿಂದ, ಗಿಡ ಏನು ಮಾಡೀತು ಎಂದು ನನಗೆ ಗೊತ್ತಿತ್ತು. ನೆಡುವವರ ಉತ್ಸಾಹ ನೋಡಿ ನಾನೂ ನೀರು ಹೊಯ್ದೆ.

ಒಂದು ಮಂಗಳವಾರ ನಮ್ಮ ಕೇಂದ್ರಕ್ಕೆ ಹೊಳೆಹೊನ್ನೂರಿನ ಕಡೆಯ ಒಬ್ಬ ಹೆಂಗಸು ಪರೀಕ್ಷೆಗೆ ಬಂದರು. ಹೆಡ್‌ಫೋನ್ ಸರಿಮಾಡುತ್ತಿದ್ದಾಗ ಮಾತಿಗೆ ಮಾತು ಬಂದು, “ಭಾನುವಾರ ಬೆಂಗಳೂರಿಗೆ ಹೋಗಿ ದೊಡ್ಡ ಆಸ್ಪತ್ರೇಲಿ ತೋರಿಸೋಣ ಅಂತಿದ್ವಿ. ಮಂಜು ಅಂತ ಬೆಳಗಿನ ವಿಮಾನವೇ ಬರಲಿಲ್ಲ. ಕೂತು ಕೂತು ವಾಪಸ್ ಮನೆಗೆ ಬಂದ್ವಿ,” ಎಂದರು.

“ಯಾವ ಭಾನುವಾರ?”

“ಮೊನ್ನೆ.”

ನಾನು ಅವರ ಪರೀಕ್ಷೆ ಮುಗಿಸಿದೆ. ಭಾನುವಾರ ಮನೆಯಲ್ಲಿದ್ದವಳು ನಾನೇ. ಬೆಳಗಿನ ವಿಮಾನವನ್ನು ಬರೆದವಳೂ ನಾನೇ. ಬಟ್ಟೆ ಒಣಹಾಕುತ್ತಿದ್ದೆ, ಪಕ್ಕದ ಮನೆಯವಳ ಜೊತೆ ಮಾತಾಡುತ್ತ ನಡುವೆ ನಿಲ್ಲಿಸಿದ್ದೆ, ಅದು ಹೋಗುವ ತನಕ ಕೈಯಲ್ಲಿ ಒದ್ದೆ ಟವೆಲ್ ಹಿಡಿದು ಕಾದಿದ್ದೆ. ಆಮೇಲೆ ಒಳಗೆ ಬಂದು ಹನ್ನೊಂದು ಇಪ್ಪತ್ತೆರಡು ಎಂದು ಬರೆದು, ಮುಂದೆ ‘ಜೋರು’ ಎಂದೂ ಸೇರಿಸಿದ್ದೆ.

ಸಂಜೆ ನಾಲ್ಕೂ ನೋಟ್‌ಬುಕ್ ತರಿಸಿಕೊಂಡು ಊಟದ ಮೇಜಿನ ಮೇಲೆ ತೆರೆದಿಟ್ಟೆ. ಭಾನುವಾರ, ಹೆಡ್‌ಮೇಡಂ ಪುಸ್ತಕ: ಹನ್ನೊಂದು ಇಪ್ಪತ್ತೆರಡು, ಜೋರು. ಗಿರಣಿಯವರದ್ದು: ಹನ್ನೊಂದು ಇಪ್ಪತ್ಮೂರು, ಸಾಧಾರಣ. ನನ್ನದು ನನಗೆ ಗೊತ್ತೇ ಇತ್ತು. ಮೇಸ್ತ್ರಿಯ ಪುಸ್ತಕದಲ್ಲಿ, ಬಗ್ಗಿದ ದಪ್ಪ ಅಕ್ಷರದಲ್ಲಿ, ‘ಬರಲಿಲ್ಲ’ ಎಂದಿತ್ತು. ಮೀಟರಿನ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ಆ ದಿನದ ಗೆರೆ ತೆಗೆದೆ. ಹತ್ತೂವರೆಗೆ ಒಂದು ಸ್ಕೂಟರು. ಹನ್ನೊಂದಕ್ಕೆ ಮೊದಲು ತರಕಾರಿ ಗಾಡಿಯವನ ಮೈಕು. ಹನ್ನೊಂದು ಇಪ್ಪತ್ತೆರಡರ ಸುತ್ತ ಗೆರೆ ನೆಲಕ್ಕೆ ಅಂಟಿಕೊಂಡಿತ್ತು. ಬರೀ ಚಪ್ಪಟೆಯಲ್ಲ, ಬೆಳಗಿನಿಂದ ಸಂಜೆವರೆಗಿನ ಹೊತ್ತಿನಲ್ಲಿ ನಮ್ಮ ಬೀದಿ ಅತ್ಯಂತ ನಿಶ್ಶಬ್ದವಾಗಿದ್ದ ನಿಮಿಷ ಅದೇ. ಯಾಕೆಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಎಲ್ಲರೂ ಮಾತು ನಿಲ್ಲಿಸಿ, ಬಾರದ ವಿಮಾನ ದಾಟಲಿ ಎಂದು ಕಾಯುತ್ತಿದ್ದೆವು.

ನಮ್ಮ ಕೆಲಸದಲ್ಲಿ ಒಂದು ರೂಢಿಯುಂಟು. ಪರೀಕ್ಷೆಯ ನಡುವೆ ಬೇಕೆಂದೇ ಸ್ವಲ್ಪ ಹೊತ್ತು ಸದ್ದು ಕೊಡದೆ ಸುಮ್ಮನಿರುತ್ತೇವೆ. ಕೆಲವರು ಆಗಲೂ ಗುಂಡಿ ಒತ್ತುತ್ತಾರೆ. ಅವರು ಸುಳ್ಳು ಹೇಳುವವರಲ್ಲ. ಕಾಯುತ್ತ ಕೂತ ಕಿವಿಗೆ ಕೇಳಿಬಿಡುತ್ತದೆ. ಅಂಥವರಿಗೆ ನಾನು ನಗುತ್ತ, ‘ಆತುರ ಬೇಡ, ನಿಜವಾಗ್ಲೂ ಕೇಳಿದಾಗ ಒತ್ತಿ’ ಎನ್ನುತ್ತಿದ್ದೆ. ‘ನಿಜವಾಗ್ಲೂ’ ಎಂದರೆ ಏನು ಎಂದು ಒಬ್ಬರೂ ತಿರುಗಿ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ರೋಗಿಗಳಿಲ್ಲದ ಹೊತ್ತು ನೋಡಿ ನಾನೇ ಬೂತಿನಲ್ಲಿ ಕೂತೆ. ಹೊರಗಿನ ಯಂತ್ರದ ಮುಂದೆ ನನ್ನ ಜೊತೆ ಕೆಲಸ ಮಾಡುವ ಹುಡುಗಿ ಇದ್ದಳು. ಎಷ್ಟು ಹೊತ್ತು ಬೇಕಾದರೂ ಸುಮ್ಮನಿರು, ನಾನು ಹೇಳುವ ತನಕ ಬಾಗಿಲು ತೆಗೆಯಬೇಡ ಎಂದಿದ್ದೆ. ಗಡಿಯಾರ ಬಿಚ್ಚಿ ಹೊರಗೇ ಇಟ್ಟಿದ್ದೆ. ಬೂತಿನ ಬಾಗಿಲು ಮುಚ್ಚಿದರೆ ನಮ್ಮದೇ ಉಸಿರು, ಎಂಜಲು ನುಂಗುವ ಸದ್ದು, ಆಮೇಲೆ ಅದೂ ಇಲ್ಲ. ಎಷ್ಟು ಹೊತ್ತಾಯಿತೋ. ಎಡಗಡೆಯಿಂದ, ದೂರದಲ್ಲಿ ಯಾರೋ ಭಾರದ ಗೋಣಿಚೀಲ ಎಳೆದುಕೊಂಡು ಬರುವ ಹಾಗೆ ಶುರುವಾಯಿತು. ಹತ್ತಿರ ಬಂತು. ತಲೆಯ ಮೇಲೆ ಬಂತು. ನಾನು ಗುಂಡಿ ಒತ್ತಿದೆ, ಒತ್ತಿಯೇ ಹಿಡಿದೆ. ಗಾಜಿನ ಆಚೆ ಹುಡುಗಿ ತಲೆ ಅಲ್ಲಾಡಿಸಿದಳು. ಎರಡೂ ಕೈ ಯಂತ್ರದಿಂದ ಮೇಲೆತ್ತಿ ತೋರಿಸಿದಳು, ನಾನೇನೂ ಕೊಟ್ಟಿಲ್ಲ ಎಂದು.

ಹೊರಗೆ ಬಂದು ಗಡಿಯಾರ ನೋಡಿದೆ. ಹನ್ನೊಂದು ಇಪ್ಪತ್ನಾಲ್ಕು.

ಹೆಡ್‌ಮೇಡಂಗೆ ಹೇಳದೆ ಇರಲಾಗಲಿಲ್ಲ. ಅವರು ಕಾಫಿ ಲೋಟ ಕೆಳಗಿಟ್ಟು ಕೇಳಿಸಿಕೊಂಡರು.

“ಮೂರು ಸಾಲು ಹೊಡೆದು ಹಾಕು,” ಎಂದರು. “ಅದೊಂದು ದಿನದ್ದು ಯಾರು ನೋಡ್ತಾರೆ?”

“ಬೇರೆ ದಿನ ಎಷ್ಟು ಹೀಗೇ ಬರೆದಿದೀವೋ ಮೇಡಂ. ಮೀಟರ್ ಜೊತೆ ಇಟ್ಟು ನೋಡಿದ್ರೆ ಅವರಿಗೂ ಗೊತ್ತಾಗುತ್ತೆ.”

ಅವರು ಮಂಚದ ಕಡೆ ನೋಡಿದರು. ಯಜಮಾನರ ಕಣ್ಣು ಸೂರಿನ ಮೇಲಿತ್ತು.

“ಭಾನುವಾರ ಇವರ ಕೈ ಎದ್ದಿತ್ತು,” ಎಂದು ದನಿ ತಗ್ಗಿಸಿ ಹೇಳಿದರು. “ನನಗೆ ಚೆನ್ನಾಗಿ ನೆನಪಿದೆ. ನಾನು ತಲೆ ಬಾಚ್ತಿದ್ದೆ. ಕೈ ಎದ್ದಿತ್ತು.”

ಹಾಗಿದ್ದರೆ ಮೇಡಂ ಆ ಕೈ ನೋಡಿ ಸದ್ದು ಕೇಳಿಸಿಕೊಂಡರೋ, ಸದ್ದಿಗೆಂದು ಮೇಡಂ ಬಾಚುವುದನ್ನು ನಿಲ್ಲಿಸಿದ್ದು ನೋಡಿ ಕೈ ಎದ್ದಿತೋ ಎಂದು ನಾನು ಯೋಚಿಸಿದೆ.

ಮಂಜಿನ ದಿನಗಳು ಇನ್ನೂ ಇದ್ದವು. ಮತ್ತೊಂದು ಭಾನುವಾರ ವಿಮಾನ ರದ್ದಾಗಿದೆ ಎಂದು ಬೆಳಿಗ್ಗೆಯೇ ಮೊಬೈಲಿನಲ್ಲಿ ಗೊತ್ತಾಯಿತು. ನಾವು ಐದು ಜನ ಹೆಡ್‌ಮೇಡಂ ಹಾಲ್‌ನಲ್ಲಿ ಸೇರಿದೆವು: ಮೇಡಂ, ಗಿರಣಿಯವರು, ನನ್ನ ಅತ್ತೆ, ಮೇಸ್ತ್ರಿ, ನಾನು. ಗಿರಣಿ ಬಂದ್ ಮಾಡಿಸಿದ್ದೆ. ಗೋಡೆ ಗಡಿಯಾರ ತೆಗೆಸಿ, ಎಲ್ಲರ ಮೊಬೈಲು ಒಳಕೋಣೆಯಲ್ಲಿಡಿಸಿದ್ದೆ. ಮೀಟರು ಟೀಪಾಯಿಯ ಮೇಲಿತ್ತು, ಅದರ ಪಕ್ಕ ಒಂದು ಲೋಟ ನೀರು. ಎಲ್ಲರ ಕೈಗೂ ಒಂದು ಚೀಟಿ, ಪೆನ್ನು. ಯಾರೂ ಮಾತಾಡಬಾರದು, ಒಬ್ಬರ ಮುಖ ಒಬ್ಬರು ನೋಡಬಾರದು, ಕೇಳಿದರೆ ಕೇಳಿತು ಎಂದು ಚೀಟಿಯಲ್ಲಿ ಬರೆಯಬೇಕು, ಅಷ್ಟೆ. ಮೇಸ್ತ್ರಿ ಕಿಟಕಿಯ ಸರಳಿನ ಮೇಲೆ ಅಂಗೈ ಇಟ್ಟು ನಮಗೆ ಬೆನ್ನು ಮಾಡಿ ನಿಂತರು.

ಮಂಜು ಕರಗಿ ಬಿಸಿಲು ಬಂದಿತ್ತು. ಹೊರಗೆ ಮರಳಿನ ಗುಡ್ಡೆಯ ಮೇಲೆ ಬೀದಿಯ ಮೂರು ನಾಯಿಗಳು ಮಲಗಿದ್ದವು. ನಾವು ತುಂಬ ಹೊತ್ತು ಕೂತೆವು. ಮೊದಲು ನಾಯಿಗಳು ಎದ್ದವು. ಬೊಗಳಲಿಲ್ಲ. ಒಂದರ ಹಿಂದೆ ಒಂದು ನಡೆದು, ನಿಂತಿದ್ದ ಗೂಡ್ಸ್ ಆಟೋದ ಕೆಳಗೆ ಹೋಗಿ ಮುದುಡಿಕೊಂಡವು. ವಿಮಾನ ಬರುವ ಮುಂಚೆ ದಿನಾ ಹಾಗೇ ಮಾಡುತ್ತಿದ್ದವು.

ಆಮೇಲೆ ಅದು ಬಂತು. ನಾನು ಮೀಟರಿನ ಮೇಲೆ ಕಣ್ಣಿಟ್ಟಿದ್ದೆ. ಅಂಕಿ ಕದಲಲಿಲ್ಲ. ಲೋಟದ ನೀರು ಕನ್ನಡಿಯ ಹಾಗೆ ನಿಂತಿತ್ತು; ಕಿಟಕಿಯ ಸರಳುಗಳು ಅದರಲ್ಲಿ ನೆಟ್ಟಗೆ ಕಾಣುತ್ತಿದ್ದವು. ಆ ನೀರನ್ನೇ ನೋಡುತ್ತ, ತಲೆಯ ಮೇಲೆ ವಿಮಾನ ದಾಟಿ ಹೋಗುವುದನ್ನು ನಾನು ಕೇಳಿದೆ. ಕಣ್ಣ ಅಂಚಿನಲ್ಲಿ ಮಂಚದ ಮೇಲೆ ಏನೋ ಬೆಳ್ಳಗೆ ಮೇಲೆದ್ದು ನಿಂತಿತು. ಅದನ್ನು ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ.

ಮೌನ ಮುರಿದವರು ಅತ್ತೆ. “ಬಂದು ಹೋಯ್ತಲ್ಲ. ಇನ್ನೇನು ನೋಡ್ತಾ ಕೂತಿದೀರಿ?”

ಚೀಟಿ ತೆರೆದೆ. ಮೇಸ್ತ್ರಿಯದ್ದು ಬಿಟ್ಟು ನಾಲ್ಕರಲ್ಲೂ ‘ಕೇಳಿತು’. ಒಳಗೆ ಹೋಗಿ ಮೊಬೈಲು ನೋಡಿದೆ, ಹನ್ನೊಂದು ಇಪ್ಪತ್ತೈದು. ಮೇಸ್ತ್ರಿ ಕಿಟಕಿಯಿಂದ ತಿರುಗಿ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು.

“ಇಲ್ಲಮ್ಮಾ,” ಎಂದರು ಎಂದಿನ ಆ ಏರಿಳಿತವಿಲ್ಲದ ದನಿಯಲ್ಲಿ. “ಏನೂ ಬರಲಿಲ್ಲ. ಕಬ್ಬಿಣ ತಣ್ಣಗಿದೆ.”

ನಾವು ಮನುಷ್ಯರು ರೂಢಿಗೆ ಬಿದ್ದಿದ್ದೆವು ಎನ್ನೋಣ. ಗಡಿಯಾರವಿಲ್ಲದಿದ್ದರೂ ಬಿಸಿಲು ಕಿಟಕಿಯಿಂದ ಎಷ್ಟು ಒಳಗೆ ಬಂದಿದೆ ಎಂಬುದು ಮೈಗೆ ಗೊತ್ತಿರುತ್ತದೆ. ನಾಯಿಗಳಿಗೂ ಹಾಗೇ ಇರಬಹುದು. ಸೂರನ್ನೇ ನೋಡುತ್ತ ಮಲಗಿದವರ ಕೈಗೆ ಹೊತ್ತು ಯಾರು ಹೇಳಿದರು? ಡಾಕ್ಟರನ್ನು ಕೇಳಿದೆ, ಅವರು ಮೆದುಳಿನ ಬಗ್ಗೆ ಒಂದಿಷ್ಟು ಹೇಳಿ, ಕೊನೆಗೆ ಹೆಗಲು ಕುಣಿಸಿದರು. ಗಿರಣಿಯವರು ಮಾರನೆಯ ದಿನ ಗೇಟಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು. ಕಟ್ಟಿದ ಮೇಲೆ ನನ್ನನ್ನು ನೋಡಿ, “ನೀವು ಓದಿದೋರು, ನಗಬೇಡಿ ಅಕ್ಕಾ,” ಎಂದರು. ನಾನು ನಗುವ ಸ್ಥಿತಿಯಲ್ಲಿರಲಿಲ್ಲ.

ಅಧಿಕಾರಿಗಳ ಭೇಟಿಗೆ ದಿನ ಗೊತ್ತಾಗಿತ್ತು. ನಾನು ಮೇಸ್ತ್ರಿಯ ನೋಟ್‌ಬುಕ್ಕನ್ನು ಮೀಟರಿನ ಗೆರೆಗಳ ಪಕ್ಕ ಇಟ್ಟು ಮೂರು ತಿಂಗಳನ್ನೂ ತಾಳೆ ನೋಡಿದೆ. ಎಲ್ಲಿಯೂ ತಪ್ಪಿರಲಿಲ್ಲ. ನಮ್ಮ ಮೂರರಲ್ಲಿ ಬಾರದ ವಿಮಾನಗಳು ಅಲ್ಲಲ್ಲಿ ಇದ್ದವು. ಮೇಸ್ತ್ರಿಯದ್ದೊಂದನ್ನೇ ಕೊಟ್ಟರೆ ಸಾಕು ಎಂದು ನಾನಂದೆ. ಈಗ ಒಪ್ಪದವರು ಹೆಡ್‌ಮೇಡಂ.

“ನಾಲ್ಕೂ ಕೊಡೋಣ. ಬಾರದಿದ್ದ ದಿನದ ಸಾಲುಗಳಿಗೆ ಕೆಂಪು ಶಾಯಿ ಹಾಕು. ಆ ದಿನ ವಿಮಾನ ಬರಲಿಲ್ಲ, ಆದರೂ ಕೇಳಿತು ಅಂತ ಬರಿ.”

“ನಮ್ಮನ್ನ ಹುಚ್ಚರು ಅಂದ್ಕೊಳ್ತಾರೆ ಮೇಡಂ.”

“ಅಂದ್ಕೊಳ್ಳಲಿ. ಬಂತು ಅನ್ನೋದು ಸುಳ್ಳು. ಕೇಳ್ತು ಅನ್ನೋದು ಸುಳ್ಳಲ್ಲ. ಮಕ್ಕಳ ಉತ್ತರಪತ್ರಿಕೆ ತಿದ್ದಿದ ಕೈ ಇದು, ತಪ್ಪನ್ನ ಮುಚ್ಚಿಡೋಕೆ ಬರಲ್ಲ.”

ನಮ್ಮನ್ನು ಮಾತಾಡಿಸಿದ್ದು ಒಬ್ಬ ಮಧ್ಯವಯಸ್ಸಿನ ಅಧಿಕಾರಿಣಿ. ಸಮಾಧಾನದಿಂದ ಕೂರಿಸಿ, ನೋಟ್‌ಬುಕ್ಕುಗಳನ್ನು ತಾವೇ ತಿರುವಿದರು. ಕೆಂಪು ಸಾಲು ಬಂದಲ್ಲಿ ನಿಲ್ಲಿಸಿದರು. ಮುಂದಿನದಕ್ಕೂ ನಿಲ್ಲಿಸಿದರು.

“ಇದು ಏನು?”

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹಾಲ್‌ನಲ್ಲಿ ಕೂತದ್ದು, ಲೋಟದ ನೀರು, ಚೀಟಿ, ಎಲ್ಲ. ಅವರು ನಗಲಿಲ್ಲ. ಸ್ವಲ್ಪ ಹೊತ್ತು ಕೆಂಪು ಸಾಲಿನ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದರು.

“ಸದ್ದು ಜಾಸ್ತಿ ಅಂತ ಅರ್ಜಿ ಬರೋದು ಇದ್ದದ್ದೇ,” ಎಂದರು. “ವಿಮಾನ ಇಲ್ಲದಾಗಲೂ ಇದೆ ಅಂತ ಯಾರೂ ಬರೆದು ತಂದಿರಲಿಲ್ಲ. ಇಷ್ಟು ನಿಜ ಹೇಳೋರು ಉಳಿದದ್ದನ್ನೂ ನಿಜವೇ ಹೇಳಿರ್ತೀರಿ.”

ಅವರು ವಿವರಿಸಿದ್ದು ನನಗೆ ಅರ್ಥವಾದದ್ದು ಇಷ್ಟು. ವಿಮಾನ ಗಾಳಿಗೆ ಎದುರಾಗಿ ಏರಬೇಕು, ಅದು ಸುರಕ್ಷತೆಯ ಮಾತು, ಅದರಲ್ಲಿ ರಾಜಿಯಿಲ್ಲ. ಗಾಳಿ ಅಷ್ಟಾಗಿ ಇಲ್ಲದ ದಿನ ಮಾತ್ರ ಯಾವ ಕಡೆಯಿಂದಾದರೂ ಏರಬಹುದು. ಅಂಥ ದಿನ ಮನೆಗಳಿಲ್ಲದ ಆಚೆ ದಿಕ್ಕು ಹಿಡಿಯಲು ಸಾಧ್ಯವೇ ಎಂದು ಮೇಲಿನವರಿಗೆ ಬರೆಯುತ್ತೇನೆ ಎಂದರು. ವೇಳೆ ಬದಲಾದರೆ, ವಿಮಾನ ರದ್ದಾದರೆ ನಮ್ಮ ಬೀದಿಯ ವಾಟ್ಸಾಪ್ ಗುಂಪಿಗೆ ತಿಳಿಸಲು ಒಬ್ಬರನ್ನು ಗೊತ್ತುಮಾಡಿದರು. ಸೈಕಲ್ ಟ್ಯೂಬಿನ ವಿಷಯ ಕೇಳಿ ಮೇಸ್ತ್ರಿಯ ಕಡೆ ತಿರುಗಿ, “ನಮ್ಮ ಕ್ವಾರ್ಟರ್ಸ್‌ಗೂ ಬನ್ನಿ,” ಎಂದರು. ಮೇಸ್ತ್ರಿಗೆ ಕೇಳಲಿಲ್ಲ; ನಾನು ಬರೆದು ತೋರಿಸಿದೆ.

ಫಲ ಒಂದೇ ದಿನಕ್ಕೆ ಬರಲಿಲ್ಲ. ಬೇಸಿಗೆಯ ಹೊತ್ತಿಗೆ, ಗಾಳಿ ಬಿದ್ದ ದಿನಗಳಲ್ಲಿ ವಿಮಾನ ಆ ಕಡೆಗೆ ಏರತೊಡಗಿತು. ಮೀಟರಿನ ಗೆರೆ ಇಳಿಯಿತು. ಬಡಾವಣೆಯ ಅಂಚಿನ ಶಾಲೆಯವರು ಪರೀಕ್ಷೆಯ ಕೋಣೆಗಳನ್ನು ಹಿಂಬದಿಗೆ ಬದಲಿಸಿಕೊಂಡರು. ನನ್ನ ಅತ್ತೆ ಮಾತಿನ ನಡುವೆ ನಿಲ್ಲಿಸುವುದು ಕಡಿಮೆಯಾಯಿತು. ನಾವು ಕೇಳಿದ್ದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚೇ ಸಿಕ್ಕಿತು ಎನ್ನಬೇಕು.

ಎದುರು ಮನೆಯ ಬಲಗೈ ಮಾತ್ರ ಬಹಳ ದಿನ ಹಳೆಯ ಹೊತ್ತಿಗೇ ಏಳುತ್ತಿತ್ತು, ವಿಮಾನ ಯಾವ ಕಡೆ ಹೋದರೂ. ಆಮೇಲೆ ವೇಳಾಪಟ್ಟಿಯೇ ಬದಲಾಗಿ ಬೆಳಗಿನ ವಿಮಾನ ಮಧ್ಯಾಹ್ನಕ್ಕೆ ಹೋಯಿತು. ಅದಾದ ಎರಡು ವಾರಕ್ಕೆ ಕೈ ಏಳುವುದು ನಿಂತಿತು. ಹೊಸ ಹೊತ್ತಿಗೂ ಏಳಲಿಲ್ಲ, ಹಳೆಯ ಹೊತ್ತಿಗೂ ಏಳಲಿಲ್ಲ. ಮೇಡಂ ಕಿವಿಯ ಹತ್ತಿರ ಬಾಗಿ ಹೆಸರು ಹಿಡಿದು ಕರೆದರೂ ಏಳಲಿಲ್ಲ.

ಒಂದು ಸಂಜೆ ಮೇಡಂ ಆ ಕೈಗೆ ಎಣ್ಣೆ ತಿಕ್ಕುತ್ತ ಕೂತಿದ್ದರು. ನಾನು ಪಕ್ಕದಲ್ಲಿ ಕೂತೆ.

“ಇವರು ಇಡೀ ದಿನದಲ್ಲಿ ಮಾಡ್ತಿದ್ದ ಕೆಲಸ ಅದೊಂದೇ ಆಗಿತ್ತು,” ಎಂದರು. “ನಿಲ್ಲಿಸಬೇಕು ಅಂತ ನಾನೇ ಓಡಾಡಿದೆ. ಸರಿ ಮಾಡಿದ್ನಾ ಹೇಳು?”

ಅವರ ಕೈಯಿಂದ ಎಣ್ಣೆ ಬಟ್ಟಲು ತೆಗೆದುಕೊಂಡು ನಾನೂ ಸ್ವಲ್ಪ ಹೊತ್ತು ಆ ಬೆರಳುಗಳನ್ನು ತಿಕ್ಕಿದೆ. ಬೆಚ್ಚಗಿದ್ದವು.

ಮಳೆಗಾಲದ ಕೊನೆಗೆ ಮೇಸ್ತ್ರಿ ತಾವಾಗಿಯೇ ನಮ್ಮ ಕೇಂದ್ರಕ್ಕೆ ಬಂದರು. ಹೊಸೂರಿನಲ್ಲಿರುವ ಮಗಳಿಗೆ ಮಗು ಹುಟ್ಟಿದೆ, ಅದರ ಅಳು ಕೇಳಬೇಕು ಎಂದರು. ಕಿವಿ ಮಿಷನ್ನು ಹಾಕಿದೆ. ಮೊದಲು ಕೇಳಿಸಿದ್ದು ನನ್ನ ಬಳೆಯ ಸದ್ದಂತೆ. ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತರು. ಕಾಗದ ಸುಕ್ಕಾಗುವುದು, ಫ್ಯಾನು ತಿರುಗುವುದು, ಹೊರಗೆ ಆಟೋ ತಿರುಗುವುದು, ಒಂದೊಂದಕ್ಕೂ ಬೆರಳು ತೋರಿಸಿ ಏನೆಂದು ಕೇಳಿದರು.

ಒಂದು ತಿಂಗಳಾದ ಮೇಲೆ ಮಿಷನ್ನಿನ ದನಿ ಹೊಂದಿಸಲು ಮತ್ತೆ ಬಂದರು.

“ನಿನ್ನೆ ವಿಮಾನ ಬಂತಾ ಅಮ್ಮಾ, ಬೆಳಿಗ್ಗೆ? ಹನ್ನೊಂದೂ ಕಾಲು ಆದ ಮೇಲೆ?”

ಈಗ ಬೆಳಿಗ್ಗೆ ವಿಮಾನವೇ ಇಲ್ಲ ಎಂಬುದು ಅವರಿಗೂ ಗೊತ್ತಿತ್ತು. ನಾನು ಇಲ್ಲ ಎಂದೆ.

“ಸರಳು ಮುಟ್ಟಿ ನೋಡಿದೆ. ತಣ್ಣಗಿತ್ತು. ಕಿವೀಲಿ ಮಾತ್ರ ಹೋಗ್ತಾ ಇತ್ತು.”

“ಭಯ ಆಯ್ತಾ?”

ಅವರು ಯೋಚಿಸಿದರು. “ಇಲ್ಲಮ್ಮಾ. ನೀವೆಲ್ಲ ಅವತ್ತು ಹಾಲ್‌ನಲ್ಲಿ ಕೂತು ಕೇಳಿತು ಅಂತ ಬರೆದ್ರಿ. ನಾನೊಬ್ಬನೇ ಬೇರೆ ಇದ್ದೆ. ಅವತ್ತು ಆಗಿತ್ತು ಭಯ.”

ನಾನು ಮಿಷನ್ನಿನ ದನಿ ಒಂದು ಮೆಟ್ಟಿಲು ಇಳಿಸಿ ಕೊಟ್ಟೆ. ಅವರು ಮತ್ತೆ ಕಿವಿಗೆ ಹಾಕಿಕೊಂಡು, ಮೇಜಿನ ಮೇಲೆ ಉಗುರಿನಿಂದ ಎರಡು ಸಲ ತಟ್ಟಿ ಕೇಳಿಸಿಕೊಂಡರು. ಸಾಕು ಎಂದು ತಲೆಯಾಡಿಸಿದರು. ಮುಂದಿನ ವಾರ ಮಗುವಿನ ನಾಮಕರಣಕ್ಕೆ ಹೊಸೂರಿಗೆ ಹೋಗುವುದಿತ್ತು. ರೈಲು ಒಳ್ಳೆಯದೋ ಬಸ್ಸು ಒಳ್ಳೆಯದೋ ಎಂದು ನನ್ನನ್ನು ಕೇಳಿದರು. ರೈಲು ಎಂದೆ. ಛತ್ರಿ ಬಿಚ್ಚಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದರು. ನಾನು ಮುಂದಿನ ಹೆಂಗಸನ್ನು ಬೂತಿನೊಳಗೆ ಕೂರಿಸಿ ಬಾಗಿಲು ಹಾಕಿದೆ.